ಅಂಗನವಾಡಿ ಟೀಚರ್ ಪರ ಮಾತಾಡುವವರು ಮಾಡಬೇಕಾದ್ದು, ಮಾಡಬಾರದ್ದು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ಬಾಲವಿಕಾಸ ಸಮಿತಿಯವರು ಮತ್ತು ಮಕ್ಕಳ ತಂದೆತಾಯಿಯರ ಗಮನಕ್ಕೆ. ಮೂರರಿಂದ ಆರು ವರ್ಷದ ಮಗುವಿಗೆ ಕಲಿಸುವುದು ಒಂದು ವೃತ್ತಿ. ಅದಕ್ಕೆ ತರಬೇತಿ ಬೇಕು, ಅನುಭವ ಬೇಕು, ತಕ್ಕ ಸಂಬಳವೂ ಬೇಕು. ಇದನ್ನು ಊರಿಗೆ, ಸರ್ಕಾರಕ್ಕೆ ಒಪ್ಪಿಸಲು ಹೊರಡುವವರು ಕೆಳಗಿನ ಮಾತುಗಳನ್ನು ತಪ್ಪದೆ ಪಾಲಿಸಿ.

ಮಾಡಬೇಕಾದ್ದು

ಮೊದಲು ಪಾಠದ ಮಾತಾಡಿ. ಗ್ರಾಮಸಭೆಯಲ್ಲಿ ಎದ್ದು ನಿಂತರೆ ಮೊಟ್ಟೆ, ಬೇಳೆ, ಸೋರುವ ಚಾವಣಿಯ ವಿಷಯಕ್ಕೇ ಹೊತ್ತು ಮುಗಿಯುತ್ತದೆ. ಅವೂ ಬೇಕು, ಆಮೇಲೆ ಹೇಳಿ. ಈ ವಾರ ಮಕ್ಕಳು ಏನು ಕಲಿತರು, ಹೇಗೆ ಕಲಿಸಿದಿರಿ ಅನ್ನುವುದು ಮೊದಲು ಬರಲಿ. ಚನ್ನಪಟ್ಟಣದ ಆಲೆಮರದ ಬಳೆಗಳನ್ನು ಮಗು ದೊಡ್ಡದರಿಂದ ಚಿಕ್ಕದಕ್ಕೆ ಕಡ್ಡಿಗೆ ಪೋಣಿಸುವಾಗ ಗಣಿತ ಶುರುವಾಗಿರುತ್ತದೆ. ನೋಡುವವರಿಗೆ ಅದು ಬರೀ ಆಟ. ಯಾವ ಮಗುವಿಗೆ ಮೂರು ಬಳೆ ಸಾಕು, ಯಾವ ಮಗು ಐದಕ್ಕೆ ತಯಾರಾಗಿದೆ ಎಂದು ಗುರುತಿಸುವುದು ಟೀಚರ್‌ನ ವಿದ್ಯೆ. ಅದನ್ನು ಬಿಡಿಸಿ ಹೇಳಿ.

ರೇಷ್ಮೆ ಬೆಳೆಯುವ ಮನೆಗೆ ಹೋದರೆ ಚಾಕಿಯಿಂದ, ಅಂದರೆ ಎಳೆ ಹುಳು ಸಾಕಣೆಯಿಂದ, ಮಾತು ತೆಗೆಯಿರಿ. ಎರಡನೇ ಜ್ವರ (ಪೊರೆ ಬಿಡುವ ಹಂತ) ದಾಟುವವರೆಗೆ ಹುಳುವಿಗೆ ಎಳೆ ಸೊಪ್ಪು, ಹದವಾದ ಶಾಖ, ತೇವ ಎಲ್ಲ ಬೇಕೆಂದು ರೈತರಿಗೆ ಗೊತ್ತು. ಅದಕ್ಕೇ ಎಷ್ಟೋ ಜನ ಚಾಕಿ ಕೇಂದ್ರದಲ್ಲಿ ಪಳಗಿದವರು ಸಾಕಿದ ಹುಳುವನ್ನು ದುಡ್ಡು ಕೊಟ್ಟು ತರುತ್ತಾರೆ. ಎಳೆ ಹುಳುವಿಗೆ ಪಳಗಿದ ಕೈ ಬೇಕೆಂದು ಒಪ್ಪುವ ಮನೆಯಲ್ಲಿ ಎಳೆ ಮಗುವಿನ ಟೀಚರ್ ಬಗ್ಗೆ ಮಾತಾಡುವುದು ಕಷ್ಟವಲ್ಲ.

ಪಂಚಾಯಿತಿ ಸದಸ್ಯರನ್ನು, ಶಾಸಕರನ್ನು ಕೇಂದ್ರಕ್ಕೆ ಕರೆಯಿರಿ. ಬೆಳಗ್ಗೆ ಚಟುವಟಿಕೆ ನಡೆಯುವಾಗಲೇ ಕರೆಯಿರಿ. ಊಟದ ಹೊತ್ತಿಗೆ ಬಂದವರು ಅನ್ನ ಬಡಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಮಕ್ಕಳ ಜೊತೆ ಚಾಪೆಯ ಮೇಲೆ ಅರ್ಧ ಗಂಟೆ ಕೂರಿಸಿ.

ಕಾನೂನು ತಿಳಿದುಕೊಂಡೇ ಕಚೇರಿಗೆ ಹೋಗಿ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ (ಐಸಿಡಿಎಸ್) ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಅದೇ ಕೋರ್ಟ್ 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣದಲ್ಲಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಉಲ್ಲೇಖಿಸಿ, ಅಂಗನವಾಡಿಯಲ್ಲಿ ಕಲಿಸುವವರು ಇವರೇ ಎಂದೂ ಒಪ್ಪಿತು. ಎರಡೂ ತೀರ್ಪುಗಳನ್ನು ಓದಿಕೊಳ್ಳಿ. ಅಧಿಕಾರಿ ಮೊದಲನೆಯದನ್ನು ಎತ್ತಿದರೆ ಎರಡನೆಯದು ನಿಮ್ಮ ಕೈಯಲ್ಲಿರಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎನ್ನುತ್ತದೆ. ಅದನ್ನು ಕೇಳಿ ಪಡೆಯಿರಿ.

ಮಾಡಬಾರದ್ದು

ಮಕ್ಕಳನ್ನು ನೋಡಿಕೊಳ್ಳಲು ತಾಯಿಪ್ರೀತಿ ಇದ್ದರೆ ಸಾಕು ಎಂದು ಯಾರಾದರೂ ವೇದಿಕೆಯಲ್ಲಿ ಹೊಗಳಿದರೆ ತಲೆಯಾಡಿಸಬೇಡಿ. ಪ್ರೀತಿ ಎಲ್ಲ ಟೀಚರ್‌ಗೂ ಬೇಕು, ಹೈಸ್ಕೂಲ್ ಮೇಷ್ಟ್ರಿಗೂ ಬೇಕು. ಅವರ ಸಂಬಳವನ್ನು ಯಾರೂ ಗೌರವಧನ ಅನ್ನುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಏರಿಸಿದ ಮೇಲೂ ಕಾರ್ಯಕರ್ತೆಗೆ ನಿಗದಿಯಾದದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ಸೇರಿಸುವುದೂ ಗೌರವಧನದ ಹೆಸರಿನಲ್ಲೇ. ‘ಪಾಪ, ಬಡ ಹೆಂಗಸರು’ ಎಂದು ನೀವೂ ಮಾತು ಶುರುಮಾಡಬೇಡಿ. ಕನಿಕರದಿಂದ ಸೀರೆ, ಶಾಲು ಸಿಗುತ್ತವೆ, ಹುದ್ದೆ ಸಿಗುವುದಿಲ್ಲ.

ಬಂದವರನ್ನು ಮೆಚ್ಚಿಸಲು ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಎಬಿಸಿಡಿ ತಿದ್ದಿಸಬೇಡಿ. ಆ ಒಂದು ಪ್ರದರ್ಶನ ನಿಮ್ಮ ವಾದವನ್ನೆಲ್ಲ ಕೆಡಿಸುತ್ತದೆ.

ಕಾನ್ವೆಂಟಿನ ಎಲ್‌ಕೆಜಿ ಮಿಸ್ಸನ್ನು ಎದುರಾಳಿ ಮಾಡಿಕೊಳ್ಳಬೇಡಿ. ಆಕೆಯದೂ ಇದೇ ವೃತ್ತಿ. ಸಹಾಯಕಿಯನ್ನು ಬಿಟ್ಟು ನಿಯೋಗ ಒಯ್ಯಬೇಡಿ.

ಹಾಜರಾತಿಯನ್ನು ಹೆಚ್ಚಿಸಿ ಹೇಳಬೇಡಿ. ಹದಿನಾಲ್ಕು ಮಕ್ಕಳು ಬಂದಿದ್ದರೆ ಹದಿನಾಲ್ಕು. ಮಕ್ಕಳ ಮುಖ ಕಾಣುವ ಫೋಟೊಗಳನ್ನು ಊರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಒಬ್ಬರೇ ಹೋಗಬೇಡಿ. ಬಾಯಿಮಾತಿನ ಭರವಸೆಗೆ ವಾಪಸ್ ಬರಬೇಡಿ. ಮನವಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ.