ಆಲೆ ಮರವೆಂದರೆ ಆಲೆ ಮರವೇ

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ – ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕಿನ ಗಿಡಮರಗಳನ್ನು ನನಗೆ ಕಲಿಸಿದವರಲ್ಲಿ ಹೆಚ್ಚಿನವರ ನಾಲಿಗೆಯಲ್ಲಿ ‘ಹ’ಕಾರವಿಲ್ಲ. ಹಾಲು ಅವರಿಗೆ ಆಲು, ಹೂವು ಊವು, ಹೊಲ ವಲ. ಸಿನಿಮಾದಲ್ಲಿ ಈ ಮಾತು ಬಂದರೆ ಆ ಪಾತ್ರ ಒಂದೋ ನಗಿಸಲು ಇರುತ್ತದೆ, ಇಲ್ಲವೇ ಹೊಡೆದಾಡಲು. ಡಾಕ್ಟರ್, ವಿಜ್ಞಾನಿ, ಮೇಷ್ಟ್ರು ಯಾರೂ ಹಾಗೆ ಮಾತಾಡುವುದಿಲ್ಲ. ಹತ್ತಾರು ವರ್ಷ ಇದನ್ನೇ ನೋಡಿ ಬೆಳೆದ ಕಿವಿಗೆ, ‘ಆಲು’ ಎಂದವರಿಗೆ ಏನೂ ಗೊತ್ತಿರಲಿಕ್ಕಿಲ್ಲ ಎಂಬ ಭಾವನೆ ತಾನಾಗಿಯೇ ಕೂತುಬಿಡುತ್ತದೆ.

ನಾನೂ ಅಲ್ಲಿಯ ಚಿನಕುರಳಿ ಕಡೆಯವಳು. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನ ಊಟದ ಮನೆಯಲ್ಲಿ ನನ್ನ ‘ಬತ್ತೀನಿ’, ‘ಬುಡು’ಗಳಿಗೆ ನಗು ಎದ್ದದ್ದು ನೆನಪಿದೆ. ನಕ್ಕವರು ಕೆಟ್ಟವರಲ್ಲ, ಹಾಗೆ ನಗಬೇಕೆಂದು ಅವರಿಗೆ ಎಲ್ಲೋ ಹೇಳಿಕೊಟ್ಟಿದ್ದರು. ನಾನು ಎರಡೂ ಮಾತನ್ನು ಇಟ್ಟುಕೊಂಡೆ. ಸಸ್ಯಶಾಸ್ತ್ರ ಓದಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಲು ಊರ ಕಡೆಗೇ ಬಂದ ಮೇಲೆ, ನನ್ನ ಪದವಿಗಿಂತ ಹೆಚ್ಚು ಬಾಗಿಲು ತೆರೆಸಿದ್ದು ಮನೆಯಲ್ಲಿ ಕಲಿತ ಆ ಮಾತೇ.

ಮಾತು ತಪ್ಪಾಗಿ ಕೇಳಿಸಿಕೊಂಡರೆ ಮರವೇ ತಪ್ಪಿಹೋಗುತ್ತದೆ ಎಂಬುದನ್ನು ನಾನು ಕಂಡದ್ದು ಒಂದು ಜೀವವೈವಿಧ್ಯ ದಾಖಲಾತಿಯ ಕರಡಿನಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ತಳಿ, ಅವುಗಳ ಬಗೆಗಿನ ತಿಳಿವಳಿಕೆ ಎಲ್ಲವನ್ನೂ ಆ ಊರಿನವರೊಂದಿಗೇ ಕೂತು ಬರೆದಿಡಬೇಕು. ವರ್ಷಗಟ್ಟಲೆ ಈ ಕೆಲಸ ಕುಂಟಿತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಿತು. ಅವಸರ ಶುರುವಾದದ್ದು ಆಗ. ನಾನು ಹೇಳುವ ಕರಡಿನಲ್ಲಿ, ಕಲ್ಲುಗುಡ್ಡದ ನೆತ್ತಿಯ ಮೇಲೆಲ್ಲ ಆಲದ ಮರಗಳಿವೆ ಎಂದು ಬರೆದಿತ್ತು. ಆ ಗುಡ್ಡ ನನಗೆ ಗೊತ್ತು, ಅಲ್ಲಿ ಒಂದು ಆಲವೂ ಇಲ್ಲ. ಹೇಳಿದ ತಾತ ‘ಆಲೆ’ ಎಂದಿದ್ದರು. ಬರೆದುಕೊಂಡ ಹುಡುಗ, ‘ಪಾಪ, ಸರಿಯಾಗಿ ಹೇಳೋಕೆ ಬರಲ್ಲ’ ಎಂದುಕೊಂಡು ‘ಆಲ’ ಮಾಡಿದ್ದ.

ಆಲೆ ಎಂದರೆ ರೈಟಿಯ ಟಿಂಕ್ಟೋರಿಯ. ಎಲೆ ಮುರಿದರೆ ಹಾಲು ಒಸರುವ, ಬಿಳಿ ಹೂವಿನ, ಜೋಡಿ ಜೋಡಿಯಾಗಿ ಉದ್ದ ಕಾಯಿ ಬಿಡುವ ಸಣ್ಣ ಮರ. ಚನ್ನಪಟ್ಟಣದ ಗೊಂಬೆಗಳನ್ನು ಕಡೆಯುವುದು ಇದರ ಮರದಲ್ಲೇ, ಅಲ್ಲಿಯ ಕುಶಲಕರ್ಮಿಗಳೂ ಅದನ್ನು ಆಲೆ ಮರ ಎಂದೇ ಕರೆಯುತ್ತಾರೆ. ಪುಸ್ತಕಗಳಲ್ಲಿ ಅದು ಹಾಲೆ, ಇನ್ನು ಕೆಲವು ಕಡೆ ಬೆಪ್ಪಾಲೆ. ಪಾಲು ಹಾಲಾದದ್ದು ಕನ್ನಡದ ಚರಿತ್ರೆಯಲ್ಲಿ ಎಲ್ಲರೂ ಒಪ್ಪಿಕೊಂಡ ಬದಲಾವಣೆ. ಪಂಪನ ಕಾಲದ ‘ಪ’ಕಾರ ಬಿಟ್ಟು ‘ಹ’ಕಾರ ಹಿಡಿದವರನ್ನು ನಾವು ಅಶುದ್ಧರೆನ್ನುವುದಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ ಮಂಡ್ಯದ ರೈತನನ್ನು ಮಾತ್ರ ಹಾಗೆನ್ನುತ್ತೇವೆ. ಇದರಲ್ಲಿ ಭಾಷೆಯ ನಿಯಮಕ್ಕಿಂತ ಯಾರ ಬಾಯಲ್ಲಿ ಆ ಮಾತಿದೆ ಎಂಬುದೇ ದೊಡ್ಡದಾಗಿದೆ ಎಂದು ನನಗೆ ಅನ್ನಿಸುತ್ತದೆ. ಅಂದಿನಿಂದ ನಾನು ಮತ್ತು ನನ್ನ ವಿದ್ಯಾರ್ಥಿಗಳು ಪಾಲಿಸುವ ನಿಯಮವೊಂದಿದೆ: ಹೇಳಿದ ಹೆಸರನ್ನು ಹೇಳಿದ ಹಾಗೆಯೇ ಬರೆಯುವುದು, ಗಿಡವನ್ನು ಕಣ್ಣಾರೆ ನೋಡಿ ಗುರುತಿಸಿದ ಮೇಲೆ ಪಕ್ಕದಲ್ಲಿ ಪುಸ್ತಕದ ಹೆಸರು ಬರೆಯುವುದು.

ಸಭೆ ಕರೆದು ಈ ವಿದ್ಯೆ ಕೇಳಬಾರದು ಎಂಬುದೂ ಅದೇ ಹೊತ್ತಿನಲ್ಲಿ ಗೊತ್ತಾಯಿತು. ಮೈಕು, ಕುರ್ಚಿ, ಎದುರಿಗೆ ಪ್ಯಾಂಟು ಹಾಕಿದವರ ಸಾಲು. ಕಾಡೆಲ್ಲ ಅಂಗೈಯಲ್ಲಿಟ್ಟುಕೊಂಡಂತಿದ್ದ ಕುರಿಗಾಹಿ ತಾತ ಒಬ್ಬರು ಅಂಥ ಕಡೆ ಎದ್ದು ನಿಂತು, ರೇಡಿಯೊದವರ ಹಾಗೆ ಮಾತಾಡಲು ಹೊರಟರು. ಆ ಕನ್ನಡದಲ್ಲಿ ಅವರಿಗೆ ಗಿಡಗಳ ಹೆಸರೇ ಇರಲಿಲ್ಲ. ನಾಲ್ಕು ವಾಕ್ಯಕ್ಕೆ ತಡವರಿಸಿದರು, ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು, ಅವರು ಕೂತುಬಿಟ್ಟರು. ಆಮೇಲೆ ಹೊರಗೆ ಬೀಡಿ ಹಚ್ಚುತ್ತ ನನಗೆ ಹೇಳಿದ್ದು: “ಬುಡವ್ವ, ನಮ್ ಮಾತು ನಿಮ್ ಪುಸ್ತಕುಕ್ಕೆ ಒಗ್ಗಾಕಿಲ್ಲ.” ಆ ದಿನದ ಟಿಪ್ಪಣಿಯಲ್ಲಿ ಅವರ ಹೆಸರಿನ ಮುಂದೆ ‘ಹೆಚ್ಚಿನ ಮಾಹಿತಿ ಇಲ್ಲ’ ಎಂದು ದಾಖಲಾಯಿತು. ಅದೇ ಮನುಷ್ಯ ಕುರಿ ಹಿಂದೆ ನಡೆಯುವಾಗ ಬಾಯಿ ಮುಚ್ಚುವುದಿಲ್ಲ. ಯಾವ ಕಾರೆ ಮೊದಲು ಹಣ್ಣಾಗುತ್ತದೆ, ತಂಗಡಿ ಸೊಪ್ಪನ್ನು ಕುರಿ ಯಾಕೆ ಮುಟ್ಟುವುದಿಲ್ಲ, ಬರಗಾಲದಲ್ಲಿ ಚುಜ್ಜಲು ಕೊಂಬೆಯನ್ನು ಎಷ್ಟು ಕಡಿದರೆ ಮರ ಮತ್ತೆ ಚಿಗುರುತ್ತದೆ – ಎಲ್ಲವೂ ನಡಿಗೆಯ ಜೊತೆ ಬರುತ್ತದೆ. ಹಾಗಾಗಿ ಅವರ ಹೊತ್ತಿಗೆ, ಅವರ ದಾರಿಯಲ್ಲಿ ಹೋಗುವುದು ನನ್ನ ಅಭ್ಯಾಸವಾಯಿತು. ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದನ್ನೂ ಬಿಟ್ಟೆ. ಗಿಡ ಎದುರಿಗೆ ಬಂದಾಗ ಅವರೇ ನಿಲ್ಲುತ್ತಾರೆ.

ನನ್ನ ಅತ್ಯುತ್ತಮ ಪಾಠಶಾಲೆ ರಾಗಿ ಹೊಲ. ಮುಂಗಾರು ಬಿದ್ದು ಪೈರು ಗೇಣುದ್ದ ಎದ್ದಾಗ ಕಳೆ ಕೀಳಲು ಹೆಂಗಸರು ಸಾಲು ಹಿಡಿಯುತ್ತಾರೆ. ಸಂಜೆ ಮನೆಗೆ ಹೊರಡುವಾಗ ಸೆರಗಿನ ಗಂಟಿನಲ್ಲಿ ಬೆರಕೆ ಸೊಪ್ಪು. ಅಣ್ಣೆ, ಕೀರೆ, ಗಣಿಕೆ, ಕನ್ನೆ, ಗೋಣಿಸೊಪ್ಪು, ತುಂಬೆಯ ನಾಲ್ಕು ಕುಡಿ, ನಾಲೆ ಏರಿಯ ಮೇಲೆ ಸಿಕ್ಕರೆ ಹೊನಗೊನ್ನೆ. ಕೃಷಿ ಪುಸ್ತಕ ಇವನ್ನೆಲ್ಲ ಕಳೆ ಎಂಬ ಒಂದೇ ಗಂಟಿಗೆ ಕಟ್ಟುತ್ತದೆ. ಈ ಹೆಂಗಸರ ಲೆಕ್ಕ ಬೇರೆ. ಅಣ್ಣೆಸೊಪ್ಪು ತೆನೆ ತೆಗೆಯುವ ಮುಂಚೆ ಮಾತ್ರ. ಗಣಿಕೆ ಕಹಿ, ಹಾಗಾಗಿ ಒಂದು ಹಿಡಿಗಿಂತ ಹೆಚ್ಚು ಬೇಡ. ಅದರ ಕಾಯಿ ಹಸಿರಿದ್ದಾಗ ಮಕ್ಕಳ ಕೈಗೆ ಸಿಗಬಾರದು, ಕಪ್ಪಾದ ಮೇಲೆ ತಿನ್ನಲಿ. ಗೋಣಿಸೊಪ್ಪಿನ ಹುಳಿ ಇದ್ದರೆ ಹುಣಸೆ ಕಡಿಮೆ ಸಾಕು. ಎಷ್ಟು ಬಗೆ ಸೇರಿದರೆ ಮಸೊಪ್ಪಾಗುತ್ತದೆ, ಯಾವುದನ್ನು ಬಸಿದು ಸಾರು ಮಾಡಬೇಕು ಎಂಬುದರಲ್ಲಿ ಅವರಲ್ಲೇ ಜಗಳವಿದೆ. ಒಮ್ಮೆ ನಾನು ಬುಡಸಮೇತ ಎಳೆದಾಗ ಪಕ್ಕದ ಸಾಲಿನ ಅವ್ವ ಅಂದರು: “ತಲೆ ಮಾತ್ರ ಚಿವುಟು ಕೂಸೆ, ಬುಡ ಕಿತ್ರೆ ನಾಳಿಕ್ಕೇನ್ ಉಂಡೀಯೆ?” ಸಾಲಿನೊಳಗಿನ ಕಳೆ ಬೇರುಸಹಿತ ಹೋಗಬೇಕು, ಬದುವಿನ ಮೇಲಿನದು ಕುಡಿ ಮಾತ್ರ. ಬೆಳೆ ಮತ್ತು ಸೊಪ್ಪು ಎರಡೂ ಉಳಿಯುವ ವ್ಯವಸ್ಥೆ ಅದು.

ಇಲ್ಲಿ ಜಾತಿ, ಜಮೀನಿನ ಮಾತು ಆಡದೆ ಮುಂದೆ ಹೋಗಲಾಗದು. ಹೆಚ್ಚು ಸೊಪ್ಪು ಬಲ್ಲವರು ಹೊಲದ ಒಡತಿಯರಲ್ಲ, ಕೂಲಿಗೆ ಬರುವವರು. ಇನ್ನೊಬ್ಬರ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕಿತ್ತವರಿಗೆ ಕಳೆ ಗೊತ್ತು. ಅವರಲ್ಲಿ ಬಹಳ ಮಂದಿ ದಲಿತ ಹೆಂಗಸರು. ಸಂತೆಯಿಂದ ಕಟ್ಟು ಸೊಪ್ಪು ತರುವ ಮನೆಗಳು ಬೆರಕೆ ಸೊಪ್ಪನ್ನು ಗತಿಯಿಲ್ಲದವರ ಊಟವೆನ್ನುತ್ತಿದ್ದವು. ಈಗ ಅದನ್ನೇ ಬೆಂಗಳೂರಿನಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಹುಡುಕಿ ಕೊಳ್ಳುತ್ತಾರೆ. ಕೊಳ್ಳಲಿ, ಸಂತೋಷ. ಆದರೆ ಸೊಪ್ಪಿಗೆ ಬಂದ ಮರ್ಯಾದೆ ಅದನ್ನು ಕಾಪಾಡಿಕೊಂಡು ಬಂದ ಬಾಯಿಗೂ ಬರಬೇಕು. ಅದಿನ್ನೂ ಬಂದಿಲ್ಲ. ಅಷ್ಟರೊಳಗೆ ನಾಲೆ ಬಯಲಿನಲ್ಲಿ ಕಳೆನಾಶಕ ಬಂದಿದೆ. ಕಬ್ಬಿನ ಗದ್ದೆಯ ಅಂಚಿನಲ್ಲಿ ಈ ಹೆಂಗಸರು ಈಗ ಕೈ ಹಾಕುವುದಿಲ್ಲ. ಎಲೆಯ ತುದಿ ಸುಟ್ಟಂತಿದ್ದರೆ ಆ ಬದುವನ್ನೇ ಬಿಟ್ಟು ನಡೆಯುತ್ತಾರೆ. ಮಳೆ ನಂಬಿದ ನಾಗಮಂಗಲ, ಕೆ.ಆರ್. ಪೇಟೆಯ ಹೊಲಗಳಲ್ಲಿ ಸೊಪ್ಪಿನ ಬಗೆ ಇನ್ನೂ ಹೆಚ್ಚು ಸಿಗುತ್ತದೆ.

ಗೌರವ ಕೊಡುವುದೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ಕೆಲವರು ತಿಳಿಯುತ್ತಾರೆ. ನನಗೆ ಅದು ಇನ್ನೊಂದು ಬಗೆಯ ಕಡೆಗಣಿಕೆಯಾಗಿ ಕಾಣುತ್ತದೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನು ‘ಹೇಗೆ ಗೊತ್ತು?’ ಎಂದು ಕೇಳುವವರು ಕುರಿಗಾಹಿಯನ್ನೂ ಕೇಳಬೇಕು. ಕೇಳಿದಾಗ ನನಗೆ ಸಿಕ್ಕಿದ್ದು ಬಹಳ ಕಟ್ಟುನಿಟ್ಟಾದ ಒಂದು ಪದ್ಧತಿ. ಮೇಲುಕೋಟೆ ಕಡೆಯ ತಾತನೊಬ್ಬರು ಪ್ರತಿ ಮಾತಿಗೂ ಒಂದು ಗುರುತು ಹಾಕುತ್ತಾರೆ: “ಇದ ನಾ ಕಂಡಿವ್ನಿ.” ಇನ್ನೊಂದಕ್ಕೆ, “ಇದ ಕಂಡಿಲ್ಲ, ಯೋಳ್ತರೆ.” ಕಂಡದ್ದನ್ನೂ ಕೇಳಿದ್ದನ್ನೂ ಅವರು ಎಂದೂ ಕಲಸುವುದಿಲ್ಲ. ಅಂದಿನಿಂದ ನನ್ನ ಟಿಪ್ಪಣಿಯಲ್ಲಿ ಎರಡು ಅಂಕಣಗಳಿವೆ, ‘ಕಂಡದ್ದು’, ‘ಹೇಳುವುದು’. ನಾಟಿ ವೈದ್ಯರೊಬ್ಬರು ನೆಲನೆಲ್ಲಿಯನ್ನು ಬೇರ್ಪಡಿಸುವುದು ಬೆರಳಿನಿಂದ. ಎಲೆಯ ಕೆಳಗಿನ ಸಾಸಿವೆಯಷ್ಟು ಕಾಯಿಯನ್ನು ಸವರಿ, ನುಣ್ಣಗಿದ್ದರೆ ಇಟ್ಟುಕೊಳ್ಳುತ್ತಾರೆ, ಒರಟಾಗಿದ್ದು ಕಾಂಡ ಕೆಂಪಾಗಿದ್ದರೆ ಬಿಡುತ್ತಾರೆ. ಫಿಲಾಂಥಸ್ ಅಮಾರಸ್ ಮತ್ತು ಫಿಲಾಂಥಸ್ ಯೂರಿನೇರಿಯ ಎಂಬ ಎರಡು ಜಾತಿಗಳನ್ನು ನಾವು ತರಗತಿಯಲ್ಲಿ ಬೇರೆ ಮಾಡುವುದೂ ಕಾಯಿ ನೋಡಿಯೇ. ಅದೇ ವೈದ್ಯರು ಯಾವ ಕಾಮಾಲೆಯಾದರೂ ಇದೊಂದರಿಂದಲೇ ವಾಸಿಯೆಂದಾಗ ನಾನು ಒಪ್ಪಲಿಲ್ಲ. ಮೊದಲು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಲಿ ಎಂದು ವಾದಿಸಿದೆ. ಅವರಿಗೆ ಸಿಟ್ಟು ಬಂತು, ನನ್ನ ಮೇಲಿನ ವಿಶ್ವಾಸ ಹೋಗಲಿಲ್ಲ.

ಮಾಗಳಿ ಬೇರಿನ ವಿಷಯ ಹೇಳಲೇಬೇಕು. ಉಪ್ಪಿನಕಾಯಿಗೆ ಹಾಕುವ ಈ ಘಮದ ಬೇರು, ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ, ದಕ್ಷಿಣ ಭಾರತದ ಕಲ್ಲುಗುಡ್ಡಗಳದ್ದು. ಬಳ್ಳಿಯ ಬುಡದಿಂದ ಕವಲೊಡೆದ ಬೇರುಗಳಲ್ಲಿ ಕೆಲವನ್ನು ಮಾತ್ರ ತೆಗೆದು, ಬುಡ ಅಲುಗಿಸದೆ, ತೋಡಿದ ಮಣ್ಣನ್ನು ಮತ್ತೆ ಮುಚ್ಚಿ ಕಲ್ಲಿಡುವುದು ಹಳಬರ ಕ್ರಮ. ಇಡೀ ಬುಡವನ್ನೇ ಕಿತ್ತೊಯ್ಯುವುದು ತೂಕದ ಲೆಕ್ಕದ ವ್ಯಾಪಾರ. ಗುಡ್ಡದಲ್ಲಿ ಬಳ್ಳಿ ಕಡಿಮೆಯಾದಾಗ ‘ಹಳ್ಳಿಯವರು ಕಾಡು ಹಾಳು ಮಾಡಿದರು’ ಎಂಬ ಮಾತು ಬರುತ್ತದೆ. ಯಾವ ಹಳ್ಳಿಯವರು, ಹೇಗೆ ಅಗೆಯುವವರು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಆ ಕ್ರಮವನ್ನು ನಾನು ಬರೆದುಕೊಂಡೆ, ಬಳ್ಳಿಗಳಿರುವ ಜಾಗವನ್ನು ಬರೆಯಲಿಲ್ಲ. ಹೇಳಿದವರು ಬೇಡವೆಂದಿದ್ದರು. ಬಲ್ಲವರ ಗುಟ್ಟನ್ನು ಗುಟ್ಟಾಗಿಯೇ ಉಳಿಸುವುದೂ ಈ ಕೆಲಸದ ಭಾಗ.

ಹೆಸರಿನ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಶ್ರೀರಂಗಪಟ್ಟಣಕ್ಕೂ ಬಂದ. ಅವನ 1807ರ ಪುಸ್ತಕದ ಮರಗಳ ಪಟ್ಟಿಗಳಲ್ಲಿ ಕನ್ನಡದ ಹೆಸರುಗಳಿವೆ. ಅವನ್ನು ಹೇಳಿಕೊಟ್ಟವರ ಹೆಸರಿಲ್ಲ. ಅದಕ್ಕೂ ನೂರು ವರ್ಷ ಮೊದಲೇ ಬೇರೆ ರೀತಿ ಸಾಧ್ಯವಾಗಿತ್ತು. 1678ರಿಂದ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಗಿಡಗಳ ತಿಳಿವಳಿಕೆ ಕೊಟ್ಟ ಈಳವ ವೈದ್ಯ ಇಟ್ಟಿ ಅಚ್ಯುತನ್ ಹೆಸರು, ಅವರದೇ ಲಿಪಿಯ ಹೇಳಿಕೆಯೊಂದಿಗೆ ಇದೆ. ನಮ್ಮ ಕಾಲದಲ್ಲಿ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂತು. 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲಿ ಅದನ್ನು ಸ್ವೀಕರಿಸಿದ ಚಿತ್ರ ದೇಶವೆಲ್ಲ ಹರಡಿತು. ಬೀಜಕ್ಕೆ ತಾಯಿಮರವನ್ನು ಅವರು ಹೇಗೆ ಆರಿಸುತ್ತಿದ್ದರು, ಯಾವ ಬೀಜವನ್ನು ಯಾವಾಗ ಕೂಡಿಡಬೇಕೆಂದು ಹೇಗೆ ತಿಳಿಯುತ್ತಿದ್ದರು ಎಂಬುದು ಆ ಬರಿಗಾಲಿನಷ್ಟು ಸುದ್ದಿಯಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಮ್ಮ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಜನರ ಹಾಡು, ಕಥೆಗಳನ್ನು ಕೂಡಿಸಿಟ್ಟು, ಅದಕ್ಕೆಂದೇ ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದರು. ಹಾಡಿಗೆ ಸಿಕ್ಕ ಆ ಮನ್ನಣೆ ಗಿಡದ ಮಾತಿಗೂ ಸಿಗಬೇಕೆಂಬುದು ನನ್ನ ಆಸೆ.

ಜೀವವೈವಿಧ್ಯ ದಾಖಲಾತಿಯ ನಮೂನೆಯಲ್ಲಿ ವೈದ್ಯರ, ಬಲ್ಲವರ ಪಟ್ಟಿಗೆಂದು ಜಾಗವಿದೆ. ಅವಸರದಲ್ಲಿ ಅದೇ ಮೊದಲು ಖಾಲಿ ಉಳಿಯುತ್ತದೆ. ನನ್ನ ವಿದ್ಯಾರ್ಥಿಗಳು ಒಣಗಿಸಿ ಅಂಟಿಸುವ ಗಿಡದ ಹಾಳೆಗಳಲ್ಲಿ ‘ಸಂಗ್ರಹಿಸಿದವರು’ ಎಂಬ ಸಾಲಿನ ಕೆಳಗೆ ‘ತಿಳಿಸಿದವರು’ ಎಂಬ ಸಾಲು ಸೇರಿಸಿದ್ದೇವೆ, ಅವರು ಒಪ್ಪಿದರೆ ಮಾತ್ರ. ಇದರಿಂದ ತರಗತಿಯಲ್ಲಿ ಒಂದು ಬದಲಾವಣೆ ಬಂತು. ಅದುವರೆಗೆ ಬಾಯಿ ಬಿಡದ ಹುಡುಗಿಯರು, ಕೂಲಿ ಮನೆಗಳಿಂದ ಬಂದವರು, ಅಜ್ಜಿ ಹೇಳಿದ ಹೆಸರುಗಳನ್ನು ಹಿಡಿದು ಮುಂದಿನ ಬೆಂಚಿಗೆ ಬಂದರು. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಸಾಲ್ಡಾನ ಮತ್ತು ನಿಕಲ್ಸನ್ 1976ರಲ್ಲಿ ತಂದ ದೊಡ್ಡ ಪುಸ್ತಕ ನಮ್ಮ ಮೇಜಿನ ಮೇಲಿರುತ್ತದೆ. ಹಾಸನ ಪಕ್ಕದ ಜಿಲ್ಲೆಯಾದ್ದರಿಂದ ಕೆ.ಆರ್. ಪೇಟೆ ಕಡೆಯ ಗಿಡಗಳಲ್ಲಿ ಬಹಳಷ್ಟು ಅದರಲ್ಲಿ ಸಿಗುತ್ತವೆ. ಅಜ್ಜಿಯರ ಹೆಸರುಗಳಲ್ಲಿ ಇನ್ನೂ ಕೆಲವಕ್ಕೆ ನಮಗೆ ಗಿಡ ಸಿಕ್ಕಿಲ್ಲ. ಅವು ಹಿಂಗಾರು ಮಳೆಗೆ ಮಾತ್ರ ಏಳುತ್ತವೆ ಎಂದು ಅವರು ಹೇಳಿದ್ದಾರೆ. ಆ ಮಳೆ ಬಿದ್ದ ವಾರ ಕಾಲೇಜಿನ ಪ್ರಾಯೋಗಿಕ ತರಗತಿಗಳನ್ನು ಹೊಲಕ್ಕೆ ಬದಲಾಯಿಸಲು ಅನುಮತಿ ಕೇಳಿದ್ದೇನೆ.