ಪಾಠ: ‘ಹೆಂಗಸಾದವಳು’ ಅಂದರೆ ಯಾರು?

ನಂದಿನಿ ಲೇಔಟ್ ಇರಲಿ, ಲಗ್ಗೆರೆ ಇರಲಿ, ಗಂಡ ಹೊಡೆದ ಸುದ್ದಿ ಬಂದರೆ ಒಬ್ಬರಾದರೂ ಹೇಳುತ್ತಾರೆ: “ಸುಮ್‌ಸುಮ್ನೆ ಯಾಕೆ ಹೊಡೀತಾನೆ? ಇವಳೂ ಏನೋ ಅಂದಿರ್ಬೇಕು.” ಹೀಗೆ ಹೇಳುವವರು ಗಂಡಸರು ಮಾತ್ರವಲ್ಲ, ನಾವೂ ಹೇಳುತ್ತೇವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣ ಕೊಟ್ಟು, ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ ಇತ್ಯಾದಿ. ಒಂದಾದರೂ ಕಾರಣಕ್ಕೆ ‘ಸರಿ’ ಎಂದವರು ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ. 77, ಇಡೀ ದೇಶದಲ್ಲಿ ಶೇ. 45.

ಯಾಕೆ ಹೀಗೆ?

ಹೆಣ್ಣು ಎಂಬ ಗುರುತು ಎರಡು ರೀತಿ ಬೆಳೆಯುತ್ತದೆ.

1. ಪಾತ್ರದ ಗುರುತು: “ನಾನು ಒಳ್ಳೆ ಸೊಸೆ, ಒಳ್ಳೆ ಹೆಂಡತಿ.” ಈ ಹೆಸರು ಉಳಿಸಿಕೊಳ್ಳಲು ತಗ್ಗಿ ಬಗ್ಗಿ ನಡೆಯುತ್ತೇವೆ. ಹಾಗೆ ನಡೆಯದವಳಿಗೆ ಏಟು ಬಿದ್ದರೆ ನ್ಯಾಯ ಅನ್ನಿಸುತ್ತದೆ.

2. ಒಡನಾಟದ ಗುರುತು: “ಅವಳೂ ಹೆಂಗಸು, ನಾನೂ ಹೆಂಗಸು. ಅವಳಿಗೆ ಆದದ್ದು ನಾಳೆ ನನಗೂ ಆದೀತು.” ಆಗ ತಾರತಮ್ಯ ಕಣ್ಣಿಗೆ ಕಾಣುತ್ತದೆ.

ತಾರತಮ್ಯ ಬೈಗುಳದಲ್ಲೇ ಬರಬೇಕೆಂದಿಲ್ಲ. “ನೀನು ಮನೆ ಲಕ್ಷ್ಮಿ, ದುಡ್ಡಿನ ಚಿಂತೆ ನಿನಗ್ಯಾಕೆ?” ಎಂಬ ಸಿಹಿಮಾತಲ್ಲೂ ಇರುತ್ತದೆ. ಪೀಟರ್ ಗ್ಲಿಕ್, ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ 19 ದೇಶಗಳ ಅಧ್ಯಯನದಲ್ಲಿ ಕಂಡದ್ದು ಇದು: ಗಂಡಸರಲ್ಲಿ ಹೆಣ್ಣಿನ ಮೇಲೆ ದ್ವೇಷಭಾವ ಹೆಚ್ಚಿರುವ ಕಡೆ ಹೆಂಗಸರೂ ಈ ಸಿಹಿ ತಾರತಮ್ಯವನ್ನು ಹೆಚ್ಚು ಒಪ್ಪುತ್ತಾರೆ. ಭಯವಿದ್ದಲ್ಲಿ ರಕ್ಷಣೆಯ ಮಾತು ಹಿತವಾಗಿ ಕೇಳುತ್ತದೆ. ಹಾಗಾಗಿ ‘ಹೆಣ್ಣಿಗೆ ಹೆಣ್ಣೇ ಶತ್ರು’ ಎನ್ನುವ ಮೊದಲು ಅವಳ ಭಯ ಏನೆಂದು ಕೇಳೋಣ.

ನಮ್ಮೂರಿನ ಉದಾಹರಣೆ

58 ವರ್ಷದವರೆಗೆ ಮಾಲೀಕರ ಪಾಲಿನ ಪಿ.ಎಫ್. ಹಣ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. 19ರಂದೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ‘ಇದು ನನ್ನೊಬ್ಬಳ ಕಷ್ಟವಲ್ಲ’ ಎಂದು ಕಂಡಿದ್ದೇ ಅವರ ಬಲ. ಮನೆಯೊಳಗಿನ ಏಟು ಮಾತ್ರ ಇನ್ನೂ ಒಬ್ಬೊಬ್ಬಳ ಕಷ್ಟವಾಗಿಯೇ ಉಳಿದಿದೆ.

ಗುಂಪಿನಲ್ಲಿ ಚರ್ಚಿಸಿ

- ‘ಒಳ್ಳೆ ಹೆಂಗಸು’ ಅನ್ನಿಸಿಕೊಳ್ಳಲು ನಾನು ಏನು ಬಿಟ್ಟುಕೊಟ್ಟೆ?
- ನನ್ನ ಮಗಳಿಗೆ ಏಟು ಬಿದ್ದರೆ “ಏನು ಮಾಡ್ದೆ?” ಅಂತ ಕೇಳುತ್ತೇನೋ, “ನೋವಾಯ್ತಾ?” ಅಂತ ಕೇಳುತ್ತೇನೋ?

ನೆನಪಿಡಿ: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತಕ್ಕೆ ‘ಸರಿಯಾದ ಕಾರಣ’ ಎಂಬುದೇ ಇಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.