ಪಿಕಪ್ ಗಾಡಿಯ ಹಿಂದಿನಿಂದ ಏನಿದು ಸದ್ದು?

ಮಕ್ಕಳೇ, ‘ಅನುಕರಣಾವ್ಯಯ’ ಅಂದರೆ ಏನು ಅಂತ ಗೊತ್ತಲ್ಲ? ಕಿವಿಗೆ ಕೇಳಿದ ಸದ್ದನ್ನು ಹಾಗೆಯೇ ಹೇಳುವ ಪದ. ಬಾಗಿಲು ದಡಾರನೆ ಮುಚ್ಚಿತು, ಮಳೆ ಧೋ ಎಂದು ಸುರಿಯಿತು, ಗೆಜ್ಜೆ ಘಲ್ ಘಲ್ ಅಂತು. ಇದು ಪರೀಕ್ಷೆಗೆ ಓದಿ ಮರೆಯೋ ಪಾಠ ಅಲ್ಲ. ಕೆಟ್ಟ ಗಾಡಿಯ ರೋಗ ಕಂಡುಹಿಡಿಯೋಕೂ ಇದು ಬೇಕು!

ಐರ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಹೈಲಕ್ಸ್, ರೇಂಜರ್, ಡಿ-ಮ್ಯಾಕ್ಸ್ ಥರದ ಪಿಕಪ್‌ಗಳನ್ನು ನೀವು ನೋಡಿರುತ್ತೀರಿ. ಕುರಿಗಳ ಟ್ರೇಲರ್ ಎಳೆಯೋದು, ಕೆಸರಿನಲ್ಲಿ ಓಡೋದು, ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪಿನಿಂದ ತುಕ್ಕು ಹಿಡಿಸಿಕೊಳ್ಳೋದು, ಎಲ್ಲಾ ಕಷ್ಟವೂ ಹಿಂದಿನ ಭಾಗಕ್ಕೇ ಜಾಸ್ತಿ. ಹಾಗಾಗಿ ಒಂದು ದಿನ ಅಲ್ಲಿಂದ ಸದ್ದು ಶುರುವಾಗುತ್ತದೆ. ಸುಮ್ಮನೆ “ಏನೋ ಸದ್ದು ಬರ್ತಿದೆ” ಅಂದರೆ ಮೆಕ್ಯಾನಿಕ್ ಏನು ಮಾಡಬೇಕು? ಊಹೆ ತಪ್ಪಿದರೆ ಚಿಕ್ಕ ಬೇರಿಂಗ್ ಬದಲಿಸುವ ಕಡೆ ದೊಡ್ಡ ಗೇರ್ ಪೆಟ್ಟಿಗೆಯನ್ನೇ ಬದಲಿಸಬೇಕಾದೀತು. ಅದಕ್ಕಿಂತ ಮುಖ್ಯ, ಸದ್ದನ್ನು ಅಲಕ್ಷ್ಯ ಮಾಡಿದರೆ ಓಡುವಾಗಲೇ ಚಕ್ರ ಸಡಿಲವಾಗಬಹುದು.

ಒಳಗೆ ಏನೇನಿದೆ?

ಎಂಜಿನ್ ಮುಂದೆ ಇದೆ, ತಳ್ಳಬೇಕಾದ ಚಕ್ರ ಹಿಂದೆ. ನಡುವೆ ಉದ್ದದ ಕೊಳವೆಯಂಥ ಪ್ರೊಪೆಲ್ಲರ್ ಶಾಫ್ಟ್ ಇರುತ್ತದೆ. ಅದರ ತುದಿಗಳಲ್ಲಿ ಮಣಿಕಟ್ಟಿನಂತೆ ಬಾಗುವ ಯೂನಿವರ್ಸಲ್ ಜಾಯಿಂಟ್. ಒಳಗಿನ ತುಂಡು ಕೂಡಿಸುವ ಚಿಹ್ನೆಯ ಹಾಗಿರೋದರಿಂದ ನಮ್ಮೂರ ಮೆಕ್ಯಾನಿಕ್‌ಗಳು ಅದನ್ನು ‘ಕ್ರಾಸ್’ ಅನ್ನುತ್ತಾರೆ. ಶಾಫ್ಟ್ ತಿರುಗಿದಾಗ ಅದರ ತುದಿಯ ಚಿಕ್ಕ ಪಿನಿಯನ್ ಗೇರ್, ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ.

ಅಜ್ಜನ ಊರಿನ ಎತ್ತಿನ ಗಾಡಿಯಲ್ಲಿ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಹೋಗುತ್ತದೆ. ಎಳೆಯೋದು ಎತ್ತು, ಹಾಗಾಗಿ ತೊಂದರೆ ಇಲ್ಲ. ಪಿಕಪ್‌ನಲ್ಲಿ ಎಂಜಿನ್ನೇ ಎರಡೂ ಚಕ್ರಗಳನ್ನು ತಿರುಗಿಸಬೇಕು, ಆದರೂ ತಿರುವಿನಲ್ಲಿ ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗಬೇಕು. ಈ ಕೆಲಸ ಮಾಡೋದು ಕ್ರೌನ್ ಗೇರಿನ ಜೊತೆಗಿರುವ ಡಿಫರೆನ್ಷಿಯಲ್‌ನ ಚಿಕ್ಕ ಗೇರ್‌ಗಳು.

ಮೊದಲು ಸುಲಭದ ಪರೀಕ್ಷೆ

ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕುವಾಗ ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ. ಇಲ್ಲೂ ಅಷ್ಟೇ.

1. ಹಿಂದಿನ ತೊಟ್ಟಿ ಖಾಲಿ ಮಾಡಿ. ಸ್ಪ್ಯಾನರ್, ಸರಪಳಿ, ಸಡಿಲವಾದ ಸ್ಟೆಪ್ನಿ ಚಕ್ರ ಇವೂ ಸದ್ದು ಮಾಡುತ್ತವೆ.
2. ನಿಂತಲ್ಲೇ ಎಂಜಿನ್ ರೇಸ್ ಮಾಡಿ. ಆಗಲೂ ಅದೇ ಸದ್ದು ಬಂದರೆ ತಪ್ಪು ಹಿಂದಿನ ಅಚ್ಚಿನದಲ್ಲ.
3. ನುಣುಪು ರಸ್ತೆ, ಒರಟು ರಸ್ತೆ ಎರಡರಲ್ಲೂ ಓಡಿಸಿ. ರಸ್ತೆಗೆ ತಕ್ಕಂತೆ ಸದ್ದು ಬದಲಾದರೆ ಟೈರ್ ಮೇಲೆ ಅನುಮಾನ.

ಯಾವ ಸದ್ದು, ಯಾವಾಗ?

ಗೊರಗೊರ: ವೇಗ ಏರಿದಂತೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ. ಚಕ್ರದ ಬೇರಿಂಗ್ ಇರಬಹುದು. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೊದಲು ನೋಡಬೇಕು.

ಠಣ್: ಗೇರ್ ಹಾಕಿ ಹೊರಡುವಾಗ, ಅಥವಾ ಹಿಂದೆ ಹೋಗಿ ಮತ್ತೆ ಮುಂದೆ ಬರುವಾಗ ಒಂದೇ ಸಲ. ಕ್ರಾಸ್ ಸವೆದಿರಬಹುದು.

ಕೀಚ್ ಕೀಚ್: ನಿಧಾನವಾಗಿ ಹೋಗುವಾಗ ತಾಳ ಹಾಕಿದ ಹಾಗೆ. ಕ್ರಾಸ್‌ನಲ್ಲಿ ಗ್ರೀಸ್ ಒಣಗಿರಬಹುದು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕದಿದ್ದರೆ ಆಗುವ ಕಥೆಯೇ ಇದು.

ಕುಂಯ್: ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ಕ್ರೌನ್-ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಕಡೆ ನೋಡಬೇಕು.

ಕಟಕಟ: ತಿರುವಿನಲ್ಲಿ ಮಾತ್ರ. ನೇರ ರಸ್ತೆಯಲ್ಲಿ ಸುಮ್ಮನಿರುವ ಚಿಕ್ಕ ಗೇರ್‌ಗಳು ತಿರುವಿನಲ್ಲಷ್ಟೇ ಕೆಲಸ ಮಾಡುತ್ತವೆ, ಆದ್ದರಿಂದ ಅನುಮಾನ ಅವುಗಳ ಮೇಲೆ.

ಸ್ವಲ್ಪ ಲೆಕ್ಕ

ಒಂದು ಪಿಕಪ್ ಟೈರಿನ ಸುತ್ತಳತೆ ಸುಮಾರು 2.4 ಮೀಟರ್ ಎಂದುಕೊಳ್ಳಿ. ಗಂಟೆಗೆ 9 ಕಿ.ಮೀ. ಅಂದರೆ ಸೆಕೆಂಡಿಗೆ 2.5 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಸುಮಾರು ಒಂದು ಸುತ್ತು. ಕ್ರೌನ್ ಗೇರಿಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಇದ್ದರೆ, ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ 4.1 ಸುತ್ತು ಬರುತ್ತದೆ. ಈಗ ಆ ವೇಗದಲ್ಲಿ ಹೋಗುತ್ತಾ ಎಣಿಸಿ. ಸೆಕೆಂಡಿಗೆ ಒಂದು ‘ಟಕ್’ ಬಂದರೆ ಅದು ಚಕ್ರದ ಕಡೆಯದು. ನಾಲ್ಕು ಬಂದರೆ ಶಾಫ್ಟ್ ಕಡೆಯದು. ಗಾಡಿ ಬಿಚ್ಚದೆಯೇ ಅರ್ಧ ಉತ್ತರ ಸಿಕ್ಕಿತು!

ಈ ಕೆಲಸಕ್ಕೆ ಮಕ್ಕಳೇ ಸರಿ. ಹಿಂದಿನ ಸೀಟಿನಲ್ಲಿ ಕೂತವರು ಹಿಂದಿನ ಅಚ್ಚಿಗೆ ಹತ್ತಿರ. ಜೊತೆಗೆ ವಯಸ್ಸಾದಂತೆ ಕೀಚಲು ಸದ್ದು ಕೇಳೋದು ಕಮ್ಮಿಯಾಗುತ್ತದೆ. ಅಪ್ಪನಿಗೆ ಕೇಳಿಸದ್ದು ನಿಮಗೆ ಕೇಳಿಸಬಹುದು. ಸದ್ದು, ವೇಗ, ತಿರುವು, ಎಷ್ಟು ಸಲ ಅಂತ ಬರೆದಿಡಿ.

ಪಾಲಕರಿಗೆ ಎರಡು ಮಾತು

ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಕ್ಕಳನ್ನು ಬಿಡಲೇಬೇಡಿ, ನೀವೂ ಹೋಗಬೇಡಿ. ಮೆಕ್ಯಾನಿಕ್ ಹತ್ತಿರ ಡಿಫರೆನ್ಷಿಯಲ್ ಎಣ್ಣೆ ನೋಡಿಸಿ. ಅಯಸ್ಕಾಂತದ ಬಿರಡೆಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ, ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿದಿದೆ. ಸರಕು ವಾಹನವಾಗಿ ನೋಂದಣಿಯಾದ ಪಿಕಪ್‌ಗೆ ಪ್ರತಿವರ್ಷ ಸಿವಿಆರ್‌ಟಿ ಪರೀಕ್ಷೆ ಇದ್ದೇ ಇದೆ. ಆದರೆ ಗೊರಗೊರ ಅನ್ನುವ ಬೇರಿಂಗ್ ಆ ದಿನದವರೆಗೆ ಕಾಯುವುದಿಲ್ಲ.

ಅಭ್ಯಾಸ: ಯಾವುದನ್ನು ಮೊದಲು ನೋಡುತ್ತೀರಿ?

1. ಹೊಸ ಟಾರು ರಸ್ತೆಗೆ ಬಂದ ಕೂಡಲೇ ‘ಗುಂಯ್’ ಸದ್ದು ಕಮ್ಮಿಯಾಯಿತು.
2. ಹೊರಡುವಾಗ ಒಮ್ಮೆ ‘ಠಣ್’, ಆಮೇಲೆ ಏನೂ ಇಲ್ಲ.
3. ಗಂಟೆಗೆ 9 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂದು ‘ಟಕ್’.
4. ನಿಮ್ಮ ಮನೆಯ ಕಾರು, ವಾಷಿಂಗ್ ಮಷಿನ್, ಸೈಕಲ್ ಮಾಡುವ ಐದು ಸದ್ದುಗಳನ್ನು ಕನ್ನಡದಲ್ಲಿ ಬರೆದು ತರಗತಿಗೆ ತನ್ನಿ.

ಉತ್ತರ: 1. ಟೈರ್. 2. ಯೂನಿವರ್ಸಲ್ ಜಾಯಿಂಟ್, ಅಂದರೆ ಕ್ರಾಸ್. 3. ಚಕ್ರದ ಕಡೆ. ಟೈರಿಗೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ! 4. ಇದಕ್ಕೆ ಉತ್ತರ ನಿಮ್ಮ ಕಿವಿಯಲ್ಲಿದೆ.